ಗೋಡೆ ಬರಹದಿಂದ ವಾಟ್ಸಾಪ್ ಗ್ರೂಪಿನವರೆಗೆ

2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಗೋಡೆಗಳ ಮೇಲೆ ‘ಪೇಸಿಎಂ’ ಪೋಸ್ಟರ್‌ಗಳು ಕಾಣಿಸಿಕೊಂಡವು. ಕ್ಯೂಆರ್ ಕೋಡ್ ನಡುವೆ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರ ಮುಖ. ಸ್ಕ್ಯಾನ್ ಮಾಡಿದರೆ, ಅಂದಿನ ಬಿಜೆಪಿ ಸರ್ಕಾರದ ಮೇಲಿದ್ದ, ಸರ್ಕಾರಿ ಕಾಮಗಾರಿಗಳಲ್ಲಿ 40 ಪರ್ಸೆಂಟ್ ಕಮಿಷನ್ ಆರೋಪದ ಬಗ್ಗೆ ಕಾಂಗ್ರೆಸ್ ಮಾಡಿದ್ದ ವೆಬ್‌ಸೈಟ್ ತೆರೆಯುತ್ತಿತ್ತು. ಸೊಪ್ಪು, ಹಾಲಿಗೆ ದುಡ್ಡು ಕೊಡುವಾಗ ನಮ್ಮ ಕೈಗೆ ರೂಢಿಯಾದ ಕೆಲಸವನ್ನೇ ಪಕ್ಷವೊಂದು ಪ್ರಚಾರಕ್ಕೆ ಬಳಸಿಕೊಂಡಿತ್ತು.

ವ್ಯಾಪಾರದ ದಾರಿಯಲ್ಲೇ ರಾಜಕೀಯ ನಡೆದುಬಂದಿದ್ದು ಹಿಂದಿನಿಂದಲೂ ಇದೆ. ವಿವಿಧ ಭಾರತಿಯಲ್ಲಿ ಜಾಹೀರಾತು ಶುರುವಾಗಿದ್ದು 1967ರಲ್ಲಿ, ದೂರದರ್ಶನದಲ್ಲಿ 1976ರಲ್ಲಿ. ಸೋಪಿನ ಜಾಹೀರಾತಾಗಲಿ, ಆಟೋ ಮೈಕಿನ ಭಾಷಣವಾಗಲಿ, ಊರಿಗೆಲ್ಲ ಒಂದೇ ಮಾತು. ಸುಳ್ಳು ಹೇಳಿದರೆ ಎದುರಾಳಿಗೂ ಕೇಳಿಸುತ್ತಿತ್ತು. 2004ರಲ್ಲಿ ವಾಜಪೇಯಿ ಅವರ ರೆಕಾರ್ಡ್ ಮಾಡಿದ ದನಿ ನೇರ ಜನರ ಫೋನಿಗೇ ಬಂತು. ಆ ಚುನಾವಣೆಯಲ್ಲಿ ಬಿಜೆಪಿ ಸೋತಿತು. ಆದರೂ ಫೋನ್ ಪ್ರಚಾರ ನಿಲ್ಲಲಿಲ್ಲ.

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು, ಡೇಟಾ ಅಗ್ಗವಾಯಿತು. 2018ರ ಮೇ ತಿಂಗಳ ನಮ್ಮ ವಿಧಾನಸಭೆ ಚುನಾವಣೆ ಹೊತ್ತಿಗೆ ಪಕ್ಷಗಳು ಸಾವಿರಾರು ವಾಟ್ಸಾಪ್ ಗ್ರೂಪ್ ಕಟ್ಟಿಕೊಂಡಿದ್ದವು. ಒಂದು ಗ್ರೂಪಿಗೆ ಒಂದು ಮಾತು, ಇನ್ನೊಂದಕ್ಕೆ ಬೇರೆ ಮಾತು. ಹೊರಗಿನವರಿಗೆ ಏನೂ ಕಾಣಿಸುವುದಿಲ್ಲ. ನನಗೆ ನಿಜವಾಗಿ ಭಯ ಹುಟ್ಟಿಸುವುದು ಇದೇ. ಅದೇ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ವದಂತಿ ನಂಬಿ ಜನ ಅಮಾಯಕರನ್ನು ಹೊಡೆದು ಕೊಂದರು. ವದಂತಿ ಹರಿದಿದ್ದೂ ಇದೇ ಫಾರ್ವರ್ಡ್‌ಗಳಲ್ಲಿ. ಆಮೇಲೆ ವಾಟ್ಸಾಪ್ ಭಾರತದಲ್ಲಿ ಒಂದು ಸಲಕ್ಕೆ 5 ಚಾಟ್‌ಗಷ್ಟೇ ಫಾರ್ವರ್ಡ್ ಎಂದು ಮಿತಿ ಹಾಕಿತು.

ಬಯಲಲ್ಲಿ ನಡೆಯುವ ಜಗಳದ ರೀತಿಯೇ ಬೇರೆ. 2023ರ ಏಪ್ರಿಲ್‌ನಲ್ಲಿ, ಮತದಾನಕ್ಕೆ ತಿಂಗಳಷ್ಟೇ ಇರುವಾಗ, ಬೆಂಗಳೂರಿಗೆ ಹಾಲು, ಮೊಸರು ತರುತ್ತೇವೆ ಎಂದು ಗುಜರಾತಿನ ಅಮುಲ್ ಟ್ವೀಟ್ ಮಾಡಿತು. ಅದು ಮಾರಾಟದ ಮಾತು, ಅಷ್ಟೇ. ‘ಸೇವ್ ನಂದಿನಿ’ ಹ್ಯಾಷ್‌ಟ್ಯಾಗ್ ಅದನ್ನು ಚುನಾವಣೆಯ ವಿಷಯ ಮಾಡಿತು. ನಂದಿನಿಯನ್ನೇ ಬಳಸುತ್ತೇವೆ ಎಂದು ಬೆಂಗಳೂರಿನ ಹೋಟೆಲ್ ಮಾಲೀಕರ ಸಂಘವೂ ಹೇಳಿತು. ನಮ್ಮ ಹಾಲು ಉತ್ಪಾದಕರ ಸಂಘಗಳ ಬಗ್ಗೆ ಇಷ್ಟು ಜಾಸ್ತಿ ಚರ್ಚೆ ಆಗಿದ್ದು ಒಳ್ಳೆಯದೇ. ಎಲ್ಲರ ಎದುರು ನಡೆದಿದ್ದರಿಂದ ಎರಡೂ ಕಡೆಯವರು ಉತ್ತರ ಕೊಡಬೇಕಾಯಿತು.

ನಿಯಮಗಳು ಇಲ್ಲವೆಂದಲ್ಲ. ಅಭ್ಯರ್ಥಿಗಳು ತಮ್ಮ ಸಾಮಾಜಿಕ ಜಾಲತಾಣದ ಖಾತೆ, ಅಲ್ಲಿನ ಖರ್ಚು ತಿಳಿಸಬೇಕೆಂದು ಚುನಾವಣಾ ಆಯೋಗ 2013ರಲ್ಲೇ ಹೇಳಿದೆ. ಫೇಸ್‌ಬುಕ್‌ನ ರಾಜಕೀಯ ಜಾಹೀರಾತಿಗೆ ದುಡ್ಡು ಕೊಟ್ಟವರು ಯಾರೆಂದು ಈಗ ಯಾರು ಬೇಕಾದರೂ ನೋಡಬಹುದು. ವಾಟ್ಸಾಪ್ ಗ್ರೂಪಿಗೆ ಅಂಥ ಲೆಕ್ಕವಿಲ್ಲ. ವಿಧಾನಸಭೆ ಅಭ್ಯರ್ಥಿಯ ಖರ್ಚಿಗೆ 40 ಲಕ್ಷ ರೂಪಾಯಿ ಮಿತಿಯಿದೆ, ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ಮತದಾನ ಮುಗಿಯುವ 48 ಗಂಟೆ ಮೊದಲೇ ಮೈಕು ನಿಲ್ಲುತ್ತದೆ. ಫಾರ್ವರ್ಡ್‌ಗಳು ಮತಗಟ್ಟೆಯ ಸಾಲಿನಲ್ಲಿ ನಿಂತಾಗಲೂ ಬರುತ್ತಲೇ ಇರುತ್ತವೆ.