ಹಸಿರು ಕಾಣ್ತದೆ ಸರಿ, ಕಾಡು ಆರಾಮಿದ್ಯಾ?

ಮಳೆಗಾಲ ಮುಗಿದ ಮೇಲೆ ಕುಮಟಾದಿಂದ ಶಿರಸಿಗೆ ಹೋಗೋವಾಗ ದೇವಿಮನೆ ಘಾಟಲ್ಲಿ ಗಾಡಿ ನಿಲ್ಸಿ ನೋಡಿದ್ರೆ ಯಾರಿಗಾದ್ರೂ ಅನ್ಸೋದು ಒಂದೇ, ಇಷ್ಟು ಹಸಿರಿದೆ, ಕಾಡಿಗೆ ಎಂತ ಆಗಿದೆ ಮಾರಾಯ್ರೆ, ಪೇಪರಿನವ್ರು ಸುಮ್ನೆ ಹೆದರಿಸ್ತಾರೆ. ಫೋಟೋ ತೆಗ್ದು ಸ್ಟೇಟಸ್ ಹಾಕಿ ಮುಂದೆ ಹೋಗ್ತೇವೆ. ಆದ್ರೆ ಕಾನಿನ, ಅಂದ್ರೆ ನಿತ್ಯಹಸಿರು ಕಾಡಿನ, ಹಳೇ ಮರವೂ ಹಸಿರೇ, ಸಾಲಾಗಿ ನೆಟ್ಟ ಅಕೇಶಿಯಾನೂ ಹಸಿರೇ, ಕಣಿವೆ ಒಳಗಿನ ಅಡಿಕೆ ತೋಟವೂ ಹಸಿರೇ, ಯುಪಟೋರಿಯಂ ಕಳೆ ಮುಚ್ಚಿರೋ ಬೋಳುಗುಡ್ಡವೂ ಆಗ ಹಸಿರೇ. ಘಾಟಿನ ಮೇಲಿಂದ ಇವೆಲ್ಲ ಒಂದೇ ಹಚ್ಚಡ.

ಉಪಗ್ರಹಕ್ಕೂ ಹೆಚ್ಚುಕಮ್ಮಿ ಇದೇ ಕಷ್ಟ. ಫಾರೆಸ್ಟ್ ಸರ್ವೆ ಆಫ್ ಇಂಡಿಯಾದವ್ರು 1987ರಿಂದ ಸುಮಾರು ಎರಡೆರಡು ವರ್ಷಕ್ಕೆ ದೇಶದ ಕಾಡಿನ ಲೆಕ್ಕ ಕೊಡ್ತಾ ಬಂದಿದಾರೆ, ಅದರಲ್ಲಿ ಅರಣ್ಯ ಹೊದಿಕೆ ಅಂದ್ರೆ ಒಂದು ಹೆಕ್ಟೇರಾದ್ರೂ ಇರೋ ಜಾಗದಲ್ಲಿ ಮರದ ನೆತ್ತಿ ನೆಲದ 10 ಪರ್ಸೆಂಟು ಮುಚ್ಚಿದ್ರೆ ಸಾಕು, ಜಾಗ ಯಾರದ್ದು ಮರ ಯಾವ ಜಾತಿ ಅಂತ ಕೇಳೋದಿಲ್ಲ. ಅಂದ್ರೆ ತೋಟ, ಪ್ಲಾಂಟೇಶನ್ನು, ಕಾನು ಎಲ್ಲ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತ್ವು. ದೇಶದಷ್ಟು ದೊಡ್ಡ ಲೆಕ್ಕಕ್ಕೆ ಇಂಥದ್ದೊಂದು ಅಳತೆ ಬೇಕೇ ಬೇಕು, ಅದಕ್ಕಾಗಿ ಅವರನ್ನ ಬೈಯೋದು ನ್ಯಾಯ ಅಲ್ಲ, ನೆಲದ ಮೇಲೆ ಸ್ಯಾಂಪಲ್ ಸರ್ವೆನೂ ಅವರು ಮಾಡ್ತಾರೆ. ಆದ್ರೆ 10,291 ಚದರ ಕಿಲೋಮೀಟರಿನ ನಮ್ಮ ಉತ್ತರ ಕನ್ನಡ ಜಿಲ್ಲೆಲಿ ಕಾಡು ಎಷ್ಟಿದೆ ಅನ್ನೋದು ಒಂದು ಪ್ರಶ್ನೆ, ಹೇಗಿದೆ ಅನ್ನೋದು ಬೇರೆ ಪ್ರಶ್ನೆ, ಎರಡನೇದಕ್ಕೆ ಉತ್ತರ ಬೇಕಾದ್ರೆ ಕಾಲಿಗೆ ಉಂಬಳ ಹತ್ತಿಸ್ಕೊಂಡು ಒಳಗೆ ಹೋಗ್ಬೇಕು, ಅದೂ ಒಂದು ಸಲ ಹೋದ್ರೆ ಆಗೂದಿಲ್ಲ.

ಒಳಗೆ ಹೋಗಿ ಮಾಡೋ ಕೆಲ್ಸ ನೋಡೋಕೆ ಭಾರೀ ಸಪ್ಪೆ. ನೂರು ಮೀಟರ್ ಉದ್ದ ನೂರು ಮೀಟರ್ ಅಗಲ ಅಳೆದು, ಅಂದ್ರೆ ಒಂದು ಹೆಕ್ಟೇರು, ಇದಕ್ಕೆ ಪ್ಲಾಟ್ ಅಂತಾರೆ, ಮೂಲೆಗೆ ಕಲ್ಲು ಹುಗಿದು, ಒಳಗಿರೋ ಪ್ರತಿ ಮರಕ್ಕೂ ನಂಬರು ಕೊಟ್ಟು ಚಿಕ್ಕ ಅಲ್ಯೂಮಿನಿಯಂ ಬಿಲ್ಲೆ ಹೊಡೀತಾರೆ. ಜಾತಿ ಬರ್ಕೊಂಡು, ನೆಲದಿಂದ 1.3 ಮೀಟರ್ ಎತ್ತರದಲ್ಲಿ, ಎದೆಮಟ್ಟಕ್ಕೆ, ಟೇಪ್ ಸುತ್ತಿ ಸುತ್ತಳತೆ ತಗೊಂಡು ಅಲ್ಲೇ ಬಣ್ಣದ ಗೆರೆ ಎಳೀತಾರೆ. ಇಳಿಜಾರಿದ್ರೆ ಮೇಲ್ಬದಿಯಿಂದ ಅಳತೆ. ನಮ್ಮ ಜಿಲ್ಲೆಯ ಕತ್ತಲೆಕಾನು ಅನ್ನೋ ಕಾಡಿನ ಜೌಗಿನಲ್ಲಿರೋ ಕಾಡುಜಾಯಿಕಾಯಿ ಜಾತಿ ಮರಕ್ಕೆ ಬುಡದಲ್ಲಿ ಊರುಗೋಲಿನಂಥ ಬೇರು ಇರ್ತದಲ್ಲ, ಅಲ್ಲಿ 1.3 ಮೀಟರಿಗೆ ಟೇಪ್ ಸುತ್ತಿದ್ರೆ ಬೇರಿನ ಅಳತೆ ಸಿಗ್ತದೆಯೇ ಹೊರತು ಕಾಂಡದ್ದಲ್ಲ, ಹಾಗಾಗಿ ಬೇರು ಮುಗಿದ ಮೇಲೆ ಗೆರೆ. ಐದು ವರ್ಷ ಬಿಟ್ಟು ಬಂದವ್ರು ಅದೇ ಮರ ಹುಡುಕಿ ಅದೇ ಗೆರೆ ಮೇಲೆ ಟೇಪ್ ಸುತ್ಬೇಕು, ನಾಲ್ಕು ಬೆರಳು ಮೇಲೆ ಕೆಳಗೆ ಆದ್ರೂ ಲೆಕ್ಕ ಹಾಳು. ಸೊಪ್ಪು ಕಡಿಯೋಕೆ ಬಂದ ಅಜ್ಜ "ಎಂತಕ್ಕೆ ತಮ್ಮಾ, ಅಳೆದ ಮರಕ್ಕೇ ಮತ್ತೆ ಮತ್ತೆ ಟೇಪ್ ಸುತ್ತೂದು?" ಅಂತ ಕೇಳೇ ಕೇಳ್ತಾರೆ, ಕೇಳಲೇಬೇಕಾದ ಪ್ರಶ್ನೆ ಅದು.

ಯಾಕಂದ್ರೆ ಮರ ಬೆಳೆಯೋದು ಅಷ್ಟು ನಿಧಾನ. ದಟ್ಟ ನೆರಳಲ್ಲಿರೋ ನಿತ್ಯಹಸಿರು ಮರ ಎಷ್ಟೋ ಸಲ ವರ್ಷಕ್ಕೆ ಕೆಲವೇ ಮಿಲಿಮೀಟರ್ ದಪ್ಪ ಆಗ್ತದೆ, ಟೇಪ್ ಹಿಡಿಯೋವಾಗ ಆಗೋ ತಪ್ಪೇ ಎರಡು ಮೂರು ಮಿಲಿಮೀಟರ್ ಇರ್ತದೆ, ಹಾಗಾಗಿ ಒಂದು ವರ್ಷದ ಅಳತೆ ನಂಬೋ ಹಾಗಿಲ್ಲ. ಅದರ ಮೇಲೆ ತೊಗಟೆದ್ದೊಂದು ಆಟ. ಏಪ್ರಿಲ್ ಬಿಸಿಲಿಗೆ ತೊಗಟೆ ಒಣಗಿ ಬಿಗಿ ಆಗಿರ್ತದೆ, ಜೂನಲ್ಲಿ ಮಳೆ ಹಿಡಿದ ವಾರಕ್ಕೆಲ್ಲ ನೀರು ಕುಡಿದು ಉಬ್ತದೆ, ಟೇಪಿಗೆ ಮರ ಒಮ್ಮೆಲೇ ಬೆಳೆದ ಹಾಗೆ ಕಾಣ್ತದೆ. ಹೋದ ಸಲ ಫೆಬ್ರವರಿಲಿ ಅಳೆದು ಈ ಸಲ ಜುಲೈಲಿ ಅಳೆದ್ರೆ ಬೆಳವಣಿಗೆ ಬದ್ಲು ಮಳೆನೇ ಅಳೆದ ಹಾಗೆ ಆಯ್ತು. ಇನ್ನೂ ಸೂಕ್ಷ್ಮ ಬೇಕಾದವ್ರು ಮರಕ್ಕೆ ಸ್ಪ್ರಿಂಗ್ ಇರೋ ಸ್ಟೀಲ್ ಪಟ್ಟಿ ಕಟ್ಟಿ ಬಿಡ್ತಾರೆ, ಡೆಂಡ್ರೋಮೀಟರ್ ಅಂತಾರೆ, ಮರ ಉಬ್ಬಿದ ಹಾಗೆ ಪಟ್ಟಿಯ ಕಿಂಡಿ ಅಗಲ ಆಗ್ತದೆ, ಅದನ್ನ ಕ್ಯಾಲಿಪರಲ್ಲಿ ತಿಂಗಳು ತಿಂಗಳು ಅಳೀಬಹುದು. ತೇಗದಂಥ ಮರದಲ್ಲಿ ವರ್ಷಕ್ಕೊಂದು ಉಂಗುರ ಸ್ಪಷ್ಟ ಇರ್ತದೆ, ಕಾಂಡದಿಂದ ಪೆನ್ಸಿಲಿನಷ್ಟು ತುಂಡು ಕೊರೆದು ತೆಗೆದ್ರೆ ಹಳೇ ಬರಗಾಲ ಓದಬಹುದು, ಆದ್ರೆ ನಮ್ಮ ನಿತ್ಯಹಸಿರು ಮರ ಹೆಚ್ಚಿನವು ಆ ಉಪಕಾರ ಮಾಡೂದಿಲ್ಲ, ಉಂಗುರ ಇದ್ರೂ ಗೊಂದಲ. ಅಲ್ಲಿ ಟೇಪೇ ಗತಿ.

ಸಾವಿನ ಲೆಕ್ಕಕ್ಕಂತೂ ಇನ್ನೂ ತಾಳ್ಮೆ ಬೇಕು. ಒಂದು ಹೆಕ್ಟೇರಲ್ಲಿ 500 ಮರ ಇದೆ, ವರ್ಷಕ್ಕೆ ನೂರಕ್ಕೊಂದು ಸಾಯ್ತದೆ ಅಂತಿಟ್ಕೊಳ್ಳಿ, ಅಂದ್ರೆ ಐದು. ಒಂದು ವರ್ಷ ಎರಡೇ ಸಾಯ್ತದೆ, ಮಾರನೇ ವರ್ಷ ಗಾಳಿಗೆ ಒಂದು ದೊಡ್ಡ ಮರ ಬಿದ್ದು ಅಕ್ಕಪಕ್ಕದ್ದೆಲ್ಲ ಎಳ್ಕೊಂಡು ಹೋಗಿ ಒಂಬತ್ತು ಆಗ್ತದೆ, ಅದನ್ನ ನೋಡಿ ಯಾರೋ ಕಾಡು ಸಾಯ್ತಾ ಇದೆ ಅಂತ ಬರೀತಾರೆ. ಐದು ಇದ್ದದ್ದು ನಿಜವಾಗ್ಲೂ ಎಂಟಕ್ಕೆ ಏರಿದ್ಯಾ ಅಂತ ಹೇಳೋಕೆ ಒಂದೇ ಪ್ಲಾಟಿನ ನಾಲ್ಕೈದು ವರ್ಷ ಏನೇನೂ ಸಾಲ್ದು. ಅಮೆರಿಕದ ಹಬರ್ಡ್ ಬ್ರೂಕ್ ಕಾಡಲ್ಲಿ ಜೀನ್ ಲೈಕೆನ್ಸ್ ಅನ್ನೋ ವಿಜ್ಞಾನಿ ಮತ್ತೆ ಅವರ ಜೊತೆಯವ್ರು 1963ರಿಂದ ಮಳೆನೀರು ಮತ್ತು ತೊರೆನೀರು ಹಿಡಿದು ಪರೀಕ್ಷೆ ಮಾಡಿದ್ರು, ಉತ್ತರ ಅಮೆರಿಕದಲ್ಲಿ ಆಮ್ಲಮಳೆ ಬೀಳ್ತಾ ಇದೆ ಅಂತ ಗೊತ್ತಾಗಿದ್ದೇ ಆ ಕೆಲ್ಸದಿಂದ, ಆದ್ರೆ ಮಳೆಯ ಆಮ್ಲ ನಿಜಕ್ಕೂ ಇಳೀತಾ ಇದೆ ಅಂತ ಸಂಶಯ ಇಲ್ದೆ ಹೇಳೋಕೆ ಅವರಿಗೆ 18 ವರ್ಷದ ಅಳತೆ ಬೇಕಾಯ್ತು. ಅದರ ಒಳಗಿನ ಮೂರು ವರ್ಷ ಅಥವಾ ಐದು ವರ್ಷದ ತುಂಡು ಮಾತ್ರ ನೋಡಿದ್ರೆ ಏರ್ತಾ ಇದೆ ಅಂತಲೂ ಹೇಳಬಹುದಿತ್ತು ಇಳೀತಾ ಇದೆ ಅಂತಲೂ ಹೇಳಬಹುದಿತ್ತು. ನಮ್ಮಲ್ಲಿ ಪ್ರಾಜೆಕ್ಟಿಗೆ ದುಡ್ಡು ಬರೋದು ಹೆಚ್ಚಾಗಿ ಮೂರು ವರ್ಷಕ್ಕೆ!

ಯುರೋಪಿನ ಕತೆ ನಂಗೆ ಇನ್ನೂ ಇಷ್ಟ, ಯಾಕಂದ್ರೆ ಅದು ಎರಡೂ ಕಡೆ ಕುಟ್ತದೆ. 1980ರ ಸುಮಾರಿಗೆ ಜರ್ಮನಿಲಿ ಸ್ಪ್ರೂಸ್ ಮತ್ತು ಫರ್ ಮರದ ಎಲೆ ಉದುರಿ ನೆತ್ತಿ ಬೋಳಾಗೋದು ಕಂಡು ಇನ್ನು ಕೆಲವೇ ವರ್ಷದಲ್ಲಿ ಕಾಡೇ ಇರೋದಿಲ್ಲ ಅಂತ ದೇಶ ಪೂರ್ತಿ ಗಾಬರಿ ಬಿತ್ತು, ಕಾರ್ಖಾನೆ ಹೊಗೆಯ ಗಂಧಕ ಕಾರಣ ಅಂತ ಮಾತಾಯ್ತು. ಆ ಗಲಾಟೆಲಿ ಹುಟ್ಟಿದ ಒಳ್ಳೇ ಕೂಸು 1985ರ ಐಸಿಪಿ ಫಾರೆಸ್ಟ್ಸ್ ಅನ್ನೋ ಕಾರ್ಯಕ್ರಮ, ಯುರೋಪ್ ಮೇಲೆ 16 ಕಿಲೋಮೀಟರಿಗೊಂದರಂತೆ ಚೌಕ ಹಾಕಿ, ಕಾಡು ಸಿಕ್ಕಲ್ಲೆಲ್ಲ ಗುರುತು ಮಾಡಿದ ಅದೇ ಮರಗಳನ್ನ ಪ್ರತಿ ಬೇಸಿಗೆ ನೋಡೋದು, ನೆತ್ತಿಯ ಎಲೆ ಎಷ್ಟು ಹೋಗಿದೆ ಅಂತ ಐದೈದು ಪರ್ಸೆಂಟಿನ ಮೆಟ್ಟಿಲಲ್ಲಿ ಬರೆಯೋದು. ಬೈನಾಕ್ಯುಲರ್ ಹಿಡಿದು ಕಣ್ಣಂದಾಜಲ್ಲೇ ಮಾಡೋ ಕೆಲ್ಸ ಅದು, ಇಬ್ಬರು ನೋಡಿದ್ರೆ ಒಬ್ರು 25 ಅಂತಾರೆ ಇನ್ನೊಬ್ರು 35 ಅಂತಾರೆ, ಅದಕ್ಕೇ ನೋಡೋರನ್ನ ಒಟ್ಟು ಸೇರಿಸಿ ತರಬೇತಿ ಕೊಟ್ಟು ಕಣ್ಣು ಹೊಂದಿಸ್ತಾರೆ. ಕೆಲವು ಕಡೆ ಮಣ್ಣು, ಎಲೆಯ ಪೋಷಕಾಂಶ, ಮಳೆಯ ಜೊತೆ ಬೀಳೋ ರಸಾಯನ, ಓಝೋನು ಎಲ್ಲ ಅಳೀತಾರೆ. ಹೀಗೆ ವರ್ಷ ಕಳೆದ ಹಾಗೆ ಏನು ಗೊತ್ತಾಯ್ತಪ್ಪಾ ಅಂದ್ರೆ, ಹೇಳಿದ ಹಾಗೆ ಕಾಡು ಸಾಯ್ಲಿಲ್ಲ. ಗಂಧಕದ ಹೊಗೆ ಕಾನೂನಿನಿಂದ ಭಾರೀ ಇಳೀತು ಅದೂ ಒಂದು ಕಾರಣ, ಎಲೆ ಉದುರಿದ್ರಲ್ಲಿ ಸ್ವಲ್ಪ ಪಾಲು ಆಗಿನ ಬರಗಾಲದ್ದು, ಮರ ಮತ್ತೆ ಚಿಗುರ್ತು. ಸರಿ, ಅಂತೂ ಹೆದರಿದ್ದು ಜಾಸ್ತಿ ಆಯ್ತು ಅಂತ ಜನ ನಿಟ್ಟುಸಿರು ಬಿಟ್ಟು ಕೂತ್ರೆ, 2018ರಿಂದ ಮೂರು ವರ್ಷ ಸಾಲಾಗಿ ಒಣ ಬೇಸಿಗೆ ಬಂದು, ನೀರಿಲ್ದೆ ಸೋತ ಸ್ಪ್ರೂಸ್ ಮರಕ್ಕೆ ತೊಗಟೆ ಕೊರೆಯೋ ಹುಳ ಬಿದ್ದು ಗುಡ್ಡಗುಡ್ಡವೇ ಒಣಗಿ ನಿಂತ್ವು. ಈ ಸಲ ಶತ್ರು ಬೇರೆ. ಮೊದಲಿನ ಗಾಬರಿ ಸುಳ್ಳು ಅಂತ ಅಳತೆ ನಿಲ್ಸಿಬಿಟ್ಟಿದ್ರೆ ಎರಡನೇದು ಎಷ್ಟು ದೊಡ್ಡದು ಅಂತ ಹೇಳೋಕೆ ಹಿಂದಿನ ಲೆಕ್ಕವೇ ಇರ್ತಿರಲಿಲ್ಲ.

ಈಗ ನಮ್ಮೂರಿಗೆ ಬರೋಣ. ಇಲ್ಲೂ ಅಳತೆ ಇಲ್ಲ ಅಂತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವ್ರು 1984ರಲ್ಲಿ ನಮ್ಮ ಜಿಲ್ಲೆಲಿ ಒಂದೊಂದು ಹೆಕ್ಟೇರಿನ ಎಂಟು ಪ್ಲಾಟ್ ಗುರುತು ಮಾಡಿ ವರ್ಷಗಟ್ಟಲೆ ಅಳೆದ್ರು, ಕುಮಟಾದಲ್ಲಿ ಅವರದ್ದು ಫೀಲ್ಡ್ ಸ್ಟೇಶನ್ನೇ ಇದೆ. ಕೊಡಗಿನ ಉಪ್ಪಂಗಳದಲ್ಲಿ ಪಾಂಡಿಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟಿನವ್ರು 1990ರ ಆಸುಪಾಸಿಂದ, ಮುದುಮಲೈಲಿ ಮತ್ತೆ ವಿಜ್ಞಾನ ಸಂಸ್ಥೆಯವ್ರೇ 1988ರಿಂದ 50 ಹೆಕ್ಟೇರಲ್ಲಿ. ಮುದುಮಲೈಲಿ ಒಂದು ಸೆಂಟಿಮೀಟರ್ ದಪ್ಪದ ಕಡ್ಡಿಗೂ ನಂಬರಿದೆ.

ಮತ್ತೆ ಬಿದಿರಿನ ಪ್ರಕರಣ. 1970ರ ದಶಕದಲ್ಲಿ ದಾಂಡೇಲಿಯ ಪೇಪರ್ ಮಿಲ್ಲಿಗೆ ಸಾಕಾಗ್ತದೆ ಅಂತ ಲೆಕ್ಕ ಹಾಕಿದ್ದ ಬಿದಿರು ಖಾಲಿ ಆಗ್ತಾ ಬಂದು, ಯಾಕೆ ಹೀಗಾಯ್ತು ನೋಡಿ ಅಂತ ಸರ್ಕಾರದವ್ರು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರನ್ನ ಕೇಳಿದ್ರು. ಆಗ ನಿಯಮ ಏನಿತ್ತು ಅಂದ್ರೆ ಮೆಳೆಯ ಬುಡದಲ್ಲಿ ಹೆಣೆದುಕೊಂಡ ಮುಳ್ಳು ಕಡಿದು ಕ್ಲೀನ್ ಮಾಡ್ಬೇಕು, ಆಗ ಗಾಳಿ ಬೆಳಕು ಬಂದು ಹೊಸ ಬಿದಿರು ಚೆನ್ನಾಗಿ ಬರ್ತದೆ ಅಂತ. ಊರಿನವ್ರು ಹೇಳಿದ್ದು ತಿರುವುಮುರುವು, ಮುಳ್ಳು ತೆಗೆದ್ರೆ ಕಳಲೆ ಏಳೋದ್ರೊಳಗೆ ದನ ಮತ್ತು ಕಾಡುಪ್ರಾಣಿ ಮೇಯ್ದು ಮುಗಿಸ್ತವೆ ಅಂತ. ಗಾಡ್ಗೀಳರ ತಂಡ ಎರಡು ಮಾತನ್ನೂ ಹಾಗೇ ನಂಬೋಕೆ ಹೋಗದೆ, ಮೆಳೆ ಮೆಳೆ ಗುರುತು ಮಾಡಿ ಮುಳ್ಳು ತೆಗೆದಲ್ಲಿ ಎಷ್ಟು ಕಳಲೆ ಬದುಕಿತು ಬಿಟ್ಟಲ್ಲಿ ಎಷ್ಟು ಅಂತ ವರ್ಷ ವರ್ಷ ಎಣಿಸಿದ್ರು. ಊರಿನವ್ರ ಮಾತೇ ಸರಿ ಇತ್ತು. ನಂಗೆ ಇದರಲ್ಲಿ ಖುಷಿ ಆಗೋದು ಊರಿನವ್ರು ಗೆದ್ರು ಅಂತ ಮಾತ್ರಕ್ಕಲ್ಲ, ಅವರು ಸೋತಿದ್ರೂ ಎಣಿಕೆ ಹಾಗೇ ಹೇಳ್ತಿತ್ತು.

ಹಾಗಾದ್ರೆ ಇಲ್ಲಿಯ ಕಾಡಿಗೆ ಈಗಿರೋ ಒತ್ತಡ ಎಂತದು? ಮೊದಲನೇದು ನೀರು, ಆದ್ರೆ ಮಳೆ ಕಮ್ಮಿ ಅಂತ ಅಂದ್ಕೊಂಡ್ರೆ ದಾರಿ ತಪ್ತದೆ. ಕಾರವಾರ ಹೊನ್ನಾವರ ಕಡೆ ವರ್ಷಕ್ಕೆ 3000 ಮಿಲಿಮೀಟರ್ ಸುರೀತದೆ, ಸುರಿಯೋದು ಹೆಚ್ಚುಕಮ್ಮಿ ಪೂರ್ತಿ ಜೂನಿಂದ ಸೆಪ್ಟೆಂಬರ್ ಒಳಗೆ, ಆಮೇಲೆ ತಿಂಗಳುಗಟ್ಟಲೆ ಒಣ. ಪಶ್ಚಿಮ ಘಟ್ಟದಲ್ಲಿ ಕೇರಳದಿಂದ ಉತ್ತರಕ್ಕೆ ಬಂದ ಹಾಗೆ ಈ ಒಣ ಕಾಲ ಉದ್ದ ಆಗ್ತಾ ಹೋಗ್ತದೆ, ಎಷ್ಟೋ ನಿತ್ಯಹಸಿರು ಜಾತಿ ಒಂದೊಂದಾಗಿ ಹಿಂದೆ ಉಳೀತವೆ, ನಮ್ಮ ಜಿಲ್ಲೆ ಬರೋ ಹೊತ್ತಿಗೆ ಕೆಲವಕ್ಕೆ ಇದೇ ಕೊನೇ ಸ್ಟಾಪು. ಹೊನ್ನಾವರದ ಕರಿಕಾನಮ್ಮನ ಗುಡ್ಡದಲ್ಲಿರೋ ಡಿಪ್ಟೆರೋಕಾರ್ಪಸ್ ಇಂಡಿಕಸ್ ಅನ್ನೋ ದೈತ್ಯ ಮರ ಹಾಗೆ ಅಂಚಿನಲ್ಲಿ ನಿಂತಿರೋದು, ದೇವರ ಕಾಡು ಅಂತ ಜನ ಕೈ ಹಚ್ಚದೆ ಇದ್ದಿದ್ದಕ್ಕೆ ಉಳಿದದ್ದು. ಒಣ ಕಾಲ ಇನ್ನೊಂದು ಹದಿನೈದು ದಿನ ಎಳೆದ್ರೆ, ಏಪ್ರಿಲ್ಲಿನ ಗಾಳಿ ಬಿಸಿ ಆಗಿ ಎಲೆಯಿಂದ ಜಾಸ್ತಿ ನೀರು ಎಳೆದ್ರೆ, ಮರ ಎಲೆಯ ರಂಧ್ರ ಮುಚ್ಕೊಂಡು ಕೂತ್ಕೊಳ್ತದೆ, ರಂಧ್ರ ಮುಚ್ಚಿದ್ರೆ ನೀರು ಉಳೀತದೆ ಆದ್ರೆ ಊಟ ತಯಾರಾಗೂದಿಲ್ಲ. ವರ್ಷದ ಒಟ್ಟು ಮಳೆ ಮಾತ್ರ ಬರೆದಿಟ್ರೆ ಇದು ಯಾವತ್ತೂ ಕಾಣೂದಿಲ್ಲ, ಕೊನೇ ಮಳೆ ಯಾವತ್ತು ಮೊದಲ ಮಳೆ ಯಾವತ್ತು ಅಂತ ತಾರೀಕು ಬೇಕು. ಅಂಚಿನಲ್ಲಿರೋ ಮರಕ್ಕೆ ಮೊದ್ಲು ತಾಗೋದ್ರಿಂದ ಅಳತೆ ಇಲ್ಲೇ ಆಗ್ಬೇಕು ಅನ್ನೋದು ನನ್ನ ವಾದ.

ಎರಡನೇದು ಇನ್ನೂ ಮೋಸದ್ದು, ಅಡಿಕೆ ತೋಟದವ್ರು ಸೊಪ್ಪು ಕಡಿಯೋ ಸೊಪ್ಪಿನ ಬೆಟ್ಟದಲ್ಲಿ ಹೋಗಿ ನೋಡಿ. ಮತ್ತಿ, ಹೊನ್ನೆ, ನಂದಿ ಎಲ್ಲ ಗಟ್ಟಿಮುಟ್ಟಾಗಿ ನಿಂತಿರ್ತವೆ, ಉಪಗ್ರಹಕ್ಕೆ ಫಸ್ಟ್ ಕ್ಲಾಸ್ ಹಸಿರು, ಕೆಳಗೆ ಬಗ್ಗಿ ನೋಡಿದ್ರೆ ಮೊಣಕಾಲೆತ್ತರದ ಸಸಿ ಒಂದೂ ಇರೂದಿಲ್ಲ. ದರಕು, ಅಂದ್ರೆ ಉದುರಿದ ಒಣ ಎಲೆ, ಗುಡಿಸಿದ್ದು, ದನ ಮೇಯ್ದದ್ದು, ಬೇಸಿಗೆಲಿ ಬೆಂಕಿ ಬಿದ್ದದ್ದು, ಎಲ್ಲ ಸೇರಿ ಮರಿಗಳೇ ಇಲ್ಲ. ನಮ್ಮ ಘಟ್ಟದ ಮೇಲಿನ ಹಳ್ಳಿ ಮನೆಗಳ ಹಾಗೆ, ಅಜ್ಜ ಅಜ್ಜಿ ಜಗಲಿ ಮೇಲೆ ಆರಾಮ ಕೂತಿದಾರೆ, ಮನೆ ದೊಡ್ಡದಿದೆ ಚಂದ ಇದೆ, ಮಕ್ಕಳು ಮೊಮ್ಮಕ್ಕಳೆಲ್ಲ ಬೆಂಗಳೂರು. ಪ್ಲಾಟಿನ ಲೆಕ್ಕದಲ್ಲಿ ಸತ್ತವರ ಜೊತೆ ಹೊಸದಾಗಿ ಅಳತೆಯ ದಪ್ಪಕ್ಕೆ ಬಂದು ಸೇರಿದವರ ಕಾಲಂ ಬೇರೆ ಇರ್ತದೆ, ಕಾಡಿನ ಭವಿಷ್ಯ ಕಾಣೋದು ಆ ಕಾಲಮ್ಮಿನಲ್ಲಿ. ಹಾಗಂತ ತೋಟದವ್ರನ್ನ ಮಾತ್ರ ದೂರೋದೂ ಸರಿ ಅಲ್ಲ, ಬೆಟ್ಟ ಬೇಲಿ ಹಾಕಿ ಸರದಿ ಮೇಲೆ ಸೊಪ್ಪು ಕಡಿಯೋರೂ ಇದಾರೆ, ಅವರ ಬೆಟ್ಟದಲ್ಲಿ ಸಸಿ ಇರ್ತದೆ, ಎರಡನ್ನೂ ಅಕ್ಕಪಕ್ಕ ಅಳೆದ್ರೆ ಜಗಳ ಮಾಡೋ ಬದ್ಲು ಲೆಕ್ಕ ಮಾತಾಡಬಹುದು.

ಇದಕ್ಕೆಲ್ಲ ವಿಜ್ಞಾನಿಗಳೇ ಬರಬೇಕು ಅಂತಿಲ್ಲ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯೋಕೆ ಮಳೆ ನೋಡೋ ನಮ್ಮ ತೋಟಿಗರಲ್ಲಿ ಮನೆ ಅಂಗಳದ ಮಳೆಮಾಪಕದ ಅಳತೆ ಡೈರಿಲಿ ಬರೆದಿಡೋರು ಇದಾರೆ, ಅಂಥ ಡೈರಿ ದರಕಿನ ಜೊತೆ ಗುಂಡಿಗೆ ಹಾಕೋ ಮೊದ್ಲು ಒಂದು ಫೋಟೋ ತೆಗ್ದಿಡಿ. ಸೀಸನ್‌ವಾಚ್ ಅಂತ ಒಂದು ಕಾರ್ಯಕ್ರಮ ಇದೆ, ಮನೆ ಹತ್ರದ ಒಂದು ಮರ ಆರಿಸ್ಕೊಂಡು ವಾರಕ್ಕೊಮ್ಮೆ ಚಿಗುರು ಹೂವು ಕಾಯಿ ಇದ್ಯಾ ಇಲ್ವಾ ಬರೆಯೋದು, ಶಾಲೆ ಮಕ್ಕಳೂ ಮಾಡ್ತಾರೆ. ಹೊಳೆಬದಿಯ ಅಪ್ಪೆಮಿಡಿ ಮರ ಯಾವ ವಾರ ಹೂ ಬಿಡ್ತು, ಆಗ ಮೋಡ ಇತ್ತಾ, ಮಿಡಿ ನಿಂತ್ವಾ ಉದುರಿದ್ವಾ ಅಂತ ಇಪ್ಪತ್ತು ವರ್ಷದ್ದು ಬರೆದದ್ದಿದ್ರೆ ಉಪ್ಪಿನಕಾಯಿ ಹಾಕೋರಿಗೂ ಉಪಯೋಗ, ಹವಾಮಾನ ಓದೋರಿಗೂ ಉಪಯೋಗ. ಮರ ಮಾತ್ರ ಬದಲಿಸಬೇಡಿ, ಈ ವರ್ಷ ಒಂದು ಮರ ಮುಂದಿನ ವರ್ಷ ಇನ್ನೊಂದು ಅಂತಾದ್ರೆ ಮರ ಮರದ ಸ್ವಭಾವ ಬೇರೆ ಇರೋದ್ರಿಂದ ಏನೂ ಹೇಳೋಕೆ ಬರೂದಿಲ್ಲ.

ಇನ್ನೊಂದು ಸಣ್ಣ ವಿಷಯ. ಕಾಡಲ್ಲಿ ಉಪ್ಪಾಗೆ ಹಣ್ಣು ಆರಿಸೋಕೋ ಜೇನಿಗೋ ಹೋದಾಗ ಮರಕ್ಕೆ ನಂಬರಿನ ಬಿಲ್ಲೆ ಕಂಡ್ರೆ, ಎದೆಮಟ್ಟಕ್ಕೆ ಬಣ್ಣದ ಗೆರೆ ಕಂಡ್ರೆ, ಇಲಾಖೆಯವ್ರು ಕಡಿಯೋಕೆ ಗುರುತು ಹಾಕಿದ್ದು ಅಂತ ಕೆಲವರು ಕಿತ್ತು ಎಸೀತಾರೆ, ಮಕ್ಕಳು ಆಟಕ್ಕೆ ತರ್ತಾರೆ. ಹಾಗೇ ಬಿಡಿ. ಬಿಲ್ಲೆ ಹೋದ ಮರವನ್ನ ನಕ್ಷೆ ಹಿಡಿದು, ಪಕ್ಕದ ಮರದಿಂದ ಎಷ್ಟು ಮೀಟರು ಯಾವ ದಿಕ್ಕು ಅಂತ ಅಳೆದು ಮತ್ತೆ ಹುಡುಕಬಹುದು ಆದ್ರೆ ಒಂದು ಮರಕ್ಕೆ ಅರ್ಧ ಗಂಟೆ ಹೋಗ್ತದೆ, ಒಂದೇ ಜಾತಿಯ ಎರಡು ಮರ ಹತ್ರ ಹತ್ರ ಇದ್ದು ಎರಡರದ್ದೂ ಬಿಲ್ಲೆ ಹೋಗಿದ್ರೆ ಯಾವುದು ಯಾವುದು ಅಂತ ಹೇಳೋರೇ ಇಲ್ಲ, ಎರಡರದ್ದೂ ಹಿಂದಿನ ಅಳತೆಯೆಲ್ಲ ಬಿಟ್ಟು ಹೊಸ ನಂಬರು ಹೊಡೆದು ಮೊದಲಿಂದ ಶುರು ಮಾಡ್ಬೇಕು.