ಪೇಟೆ ಹಳ್ಳಿಗಿಂತ ಎಷ್ಟು ಬಿಸಿ?

ಪ್ರಶ್ನೆ: ಬೆಂಗಳೂರು ಸುತ್ತಲಿನ ಹಳ್ಳಿಗಳಿಗಿಂತ ಬಿಸಿ ಅಂತ ಓದುತ್ತೇವೆ. ಒಂದು ಕಡೆ 2 ಡಿಗ್ರಿ ಅಂತಿರುತ್ತೆ, ಇನ್ನೊಂದು ಕಡೆ ಅದರ ಮೂರ್ನಾಲ್ಕು ಪಟ್ಟು. ಯಾವುದನ್ನು ನಂಬೋದು?

ಉತ್ತರ: ಅಳೆದದ್ದು ನೆಲದ ಬಿಸಿಯನ್ನೋ ಗಾಳಿಯ ಬಿಸಿಯನ್ನೋ ಎಂದು ಮೊದಲು ನೋಡಿ. ಏಪ್ರಿಲ್ ಮಧ್ಯಾಹ್ನ ಒಣಗಿದ ಬಟ್ಟೆ ತರಲು ಬರಿಗಾಲಲ್ಲಿ ತಾರಸಿಗೆ ಹೋದವರಿಗೆ ಈ ವ್ಯತ್ಯಾಸ ಗೊತ್ತು. ಅಂಗಾಲು ಚುರುಗುಟ್ಟುತ್ತದೆ, ಮುಖಕ್ಕೆ ಬೀಸುವ ಗಾಳಿ ಅಷ್ಟು ಸುಡುವುದಿಲ್ಲ. ಉಪಗ್ರಹ ಅಳೆಯುವುದು ಆ ತಾರಸಿಯನ್ನು, ಟಾರು ರಸ್ತೆಯನ್ನು, ಮರಗಳ ನೆತ್ತಿಯನ್ನು. ಹವಾಮಾನ ಇಲಾಖೆಯ ಥರ್ಮಾಮೀಟರ್ ಅಳೆಯುವುದು ಗಾಳಿಯನ್ನು. ನೆಲದಿಂದ ಸುಮಾರು 4 ಅಡಿ ಮೇಲೆ, ಗಾಳಿಯಾಡುವ ಬಿಳಿ ಪೆಟ್ಟಿಗೆಯ ನೆರಳಲ್ಲಿ. ಎರಡೂ ಸರಿಯೇ. ನೆಲದ ಅಂಕಿಯನ್ನು ಗಾಳಿಯದೆಂದು ಹೇಳಿದಾಗ ಮಾತ್ರ ಜನ ದಾರಿ ತಪ್ಪುತ್ತಾರೆ.

ಆಮೇಲೆ ಹೊತ್ತು. ಮೋಡಗಳಿಗೆ ಹೆಸರಿಟ್ಟ ಲ್ಯೂಕ್ ಹೊವಾರ್ಡ್ ಇನ್ನೂರು ವರ್ಷಗಳ ಹಿಂದೆಯೇ ಲಂಡನ್ ನಗರವನ್ನೂ ಅದರ ಹೊರಗಿನ ಹಳ್ಳಿಗಾಡನ್ನೂ ಹೋಲಿಸಿದ್ದ. ರಾತ್ರಿ ನಗರ 3.7 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 2 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬೆಚ್ಚಗಿತ್ತು. ಹಗಲಲ್ಲಿ ಕೂದಲೆಳೆಯಷ್ಟು ತಂಪೇ ಇತ್ತು! ಬಯಲಿನ ನೆಲ ಹೊತ್ತು ಮುಳುಗುತ್ತಲೇ ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ಒತ್ತೊತ್ತಾಗಿರುವ ಕಟ್ಟಡಗಳ ನಡುವೆ ಆಕಾಶವೇ ಕಿರಿದು. ಹಗಲೆಲ್ಲ ಕಾದ ಗೋಡೆ ರಾತ್ರಿ ಒಂಬತ್ತಕ್ಕೆ ಮುಟ್ಟಿದರೂ ಬೆಚ್ಚಗೇ ಇರುತ್ತದೆ. ಶೀಟಿನ ಮನೆಯಲ್ಲಿ ಮಗುವಿಗೆ ಬೀಸಣಿಗೆ ಬೀಸುತ್ತ ಕೂತ ತಾಯಿಗೆ ಬೇಕಾದದ್ದು ಈ ರಾತ್ರಿಯ ಅಂಕಿ. ನಾನಂತೂ ಮೊದಲು ಹುಡುಕುವುದು ಅದನ್ನೇ.

ಹೋಲಿಸುವ ಹಳ್ಳಿಯನ್ನು ಆರಿಸುವುದೂ ಸುಲಭವಲ್ಲ. ನಂದಿಬೆಟ್ಟ ಬೆಂಗಳೂರಿಗಿಂತ 500 ಮೀಟರಿಗೂ ಹೆಚ್ಚು ಎತ್ತರ. ಎತ್ತರವೊಂದರಿಂದಲೇ ಅಲ್ಲಿ ಸುಮಾರು 3 ಡಿಗ್ರಿ ತಂಪು; ಅದನ್ನು ಊರಿನ ತಪ್ಪೆಂದು ಲೆಕ್ಕ ಹಾಕಬಾರದು. ಕೆರೆಯಂಚು, ತೋಟದ ನೆರಳು ಕೂಡ ಅಂಕಿಯನ್ನು ಏರುಪೇರು ಮಾಡುತ್ತವೆ. ಬೇಸಿಗೆಯಲ್ಲಿ ಬೆಳೆಯಿಲ್ಲದೆ ಒಣಗಿ ಬಿದ್ದ ಹೊಲ ನಡುಮಧ್ಯಾಹ್ನ ಪೇಟೆಯ ನೆಲಕ್ಕಿಂತ ಹೆಚ್ಚು ಕಾಯುವುದೂ ಉಂಟು. ಆ ಹೊತ್ತಿನ ಉಪಗ್ರಹ ಚಿತ್ರ ನೋಡಿ ‘ಪೇಟೆಯೇ ತಂಪು’ ಎಂದುಬಿಡಬೇಡಿ.

ನೀವೇ ಅಳೆಯುವುದಾದರೆ ಮೋಡವಿಲ್ಲದ, ಗಾಳಿ ನಿಂತ ರಾತ್ರಿ ನೋಡಿ. ಅಂತರ ಚೆನ್ನಾಗಿ ಕಾಣುವುದು ಆಗಲೇ. ಒಂದೇ ಬಗೆಯ ಎರಡು ಥರ್ಮಾಮೀಟರ್, ಒಂದೇ ಎತ್ತರ, ಒಂದೇ ಹೊತ್ತು. ಹಿಂದಿನ ದಿನ ಎರಡನ್ನೂ ಒಂದೇ ಕೋಣೆಯಲ್ಲಿ ಅಕ್ಕಪಕ್ಕ ಇಡಿ. ಅಲ್ಲೇ ಅರ್ಧ ಡಿಗ್ರಿ ವ್ಯತ್ಯಾಸ ತೋರಿಸಿದರೆ ಬರೆದಿಟ್ಟುಕೊಂಡು ಕೊನೆಗೆ ಕಳೆಯಿರಿ.