ಪದ ಪರಿಚಯ: ಇಂಟ್ರಾಆಪರೇಟಿವ್ ಎಂಆರ್‌ಐ

ಮೆದುಳಿನ ಗಡ್ಡೆಯ ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ, ತಲೆಬುರುಡೆಯನ್ನು ಮುಚ್ಚುವ ಮೊದಲು, ರೋಗಿಗೆ ಮತ್ತೊಮ್ಮೆ ಎಂಆರ್‌ಐ ಮಾಡಿ ಗಡ್ಡೆ ಎಲ್ಲಿ, ಎಷ್ಟು ಉಳಿದಿದೆಯೆಂದು ನೋಡುವ ವಿಧಾನಕ್ಕೆ ಇಂಟ್ರಾಆಪರೇಟಿವ್ ಎಂಆರ್‌ಐ ಎನ್ನುತ್ತಾರೆ.

ಶಸ್ತ್ರಚಿಕಿತ್ಸೆಗೆ ಮುಂಚೆಯೇ ಎಂಆರ್‌ಐ ಆಗಿರುವಾಗ ನಡುವೆ ಇನ್ನೊಂದು ಏಕೆ? ಮೊದಲು ತೆಗೆದ ಚಿತ್ರಗಳು ನ್ಯೂರೋನ್ಯಾವಿಗೇಷನ್ ಎಂಬ ವ್ಯವಸ್ಥೆಗೆ ಆಧಾರವಾಗುತ್ತವೆ. ಅಲುಗಾಡದಂತೆ ಬಿಗಿದಿಟ್ಟ ತಲೆಯೊಂದಿಗೆ ಕಂಪ್ಯೂಟರ್ ಆ ಚಿತ್ರಗಳನ್ನು ಹೊಂದಿಸುತ್ತದೆ. ವೈದ್ಯರ ಕೈಯಲ್ಲಿರುವ ಸೂಚಕ ಕಡ್ಡಿಯ ಚಲನೆಯನ್ನು ಇನ್‌ಫ್ರಾರೆಡ್ ಕ್ಯಾಮೆರಾ ಗಮನಿಸುತ್ತ, ಅದರ ತುದಿ ಮೆದುಳಿನ ಯಾವ ಜಾಗದಲ್ಲಿದೆಯೆಂಬುದನ್ನು ಪರದೆಯ ಮೇಲೆ ತೋರಿಸಲು ನೆರವಾಗುತ್ತದೆ. ತೊಡಕು ಇರುವುದು ಮೆದುಳಿನ ಮೃದುತ್ವದಲ್ಲಿ. ಅದರ ಹೊರಪೊರೆಯನ್ನು ಬಿಡಿಸಿದಾಗ ಸುತ್ತಲಿನ ದ್ರವ ಹೊರಹೋಗುತ್ತದೆ, ತನ್ನದೇ ಭಾರಕ್ಕೆ ಮೆದುಳು ತಗ್ಗುತ್ತದೆ, ಊತ ಇಳಿಸಲು ಕೊಟ್ಟ ಔಷಧಿಯಿಂದ ಇನ್ನಷ್ಟು ಕುಗ್ಗುತ್ತದೆ, ಗಡ್ಡೆಯನ್ನು ತೆಗೆದಷ್ಟೂ ಸುತ್ತಲಿನ ಅಂಗಾಂಶ ಆ ಖಾಲಿ ಜಾಗದ ಕಡೆಗೆ ಜರುಗುತ್ತದೆ. ‘ಬ್ರೇನ್ ಶಿಫ್ಟ್’ ಎಂದು ಕರೆಯುವ ಈ ಪಲ್ಲಟ ಕೆಲವೊಮ್ಮೆ 1 ಸೆಂಟಿಮೀಟರನ್ನೂ ಮೀರುತ್ತದೆ. ಮಾತಿನ ಅಥವಾ ಕೈಕಾಲು ಚಲನೆಯ ಕೇಂದ್ರದ ಪಕ್ಕದಲ್ಲಿ ಕೆಲವೇ ಮಿಲಿಮೀಟರುಗಳು ನಿರ್ಣಾಯಕವಾಗಿರುವಾಗ, ಪರದೆ ಮಾತ್ರ ತಲೆ ತೆರೆಯುವ ಮೊದಲಿನ ಮೆದುಳನ್ನೇ ತೋರಿಸುತ್ತಿರುತ್ತದೆ. ನಡುವೆ ತೆಗೆದ ಹೊಸ ಚಿತ್ರ ಈ ಅಂತರವನ್ನು ಸರಿಪಡಿಸುತ್ತದೆ.

ಅಮೆರಿಕದ ಬಾಸ್ಟನ್ನಿನ ಬ್ರಿಗಮ್ ಅಂಡ್ ವಿಮೆನ್ಸ್ ಆಸ್ಪತ್ರೆಯಲ್ಲಿ 1994ರಲ್ಲಿ ಇಂಥ ಮೊದಲ ಯಂತ್ರ ಅಳವಡಿಕೆಯಾಯಿತು. 0.5 ಟೆಸ್ಲಾ (ಅಯಸ್ಕಾಂತ ಬಲದ ಅಳತೆ) ಶಕ್ತಿಯ ಆ ಯಂತ್ರದ ಎರಡು ಅಯಸ್ಕಾಂತ ಬಳೆಗಳ ನಡುವಿನ ಕಿರಿದಾದ ಜಾಗದಲ್ಲೇ ವೈದ್ಯರು ನಿಂತು ಕೆಲಸ ಮಾಡುತ್ತಿದ್ದರು. ಈಗ ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾ ಯಂತ್ರಗಳಿವೆ. ರೋಗಿಯನ್ನು ಯಂತ್ರದ ಬಳಿಗೆ ಒಯ್ಯುತ್ತಾರೆ, ಇಲ್ಲವೇ ಚಾವಣಿಯ ಹಳಿಗಳ ಮೇಲೆ ಯಂತ್ರವೇ ರೋಗಿಯ ಬಳಿಗೆ ಸರಿದು ಬರುತ್ತದೆ. ಅದಕ್ಕೆ ಮುನ್ನ ಕಬ್ಬಿಣದ ಅಂಶವುಳ್ಳ ಪ್ರತಿಯೊಂದು ಉಪಕರಣವನ್ನೂ ಎಣಿಸಿ ದೂರವಿಡಬೇಕು, ಏಕೆಂದರೆ ಮರೆತ ಒಂದು ಕತ್ತರಿಯೂ ಪ್ರಾಣಾಪಾಯ ತರಬಲ್ಲದು.

ಈ ವಿಧಾನ ಹೆಚ್ಚು ಬೇಕಾಗುವುದು ಗ್ಲಿಯೋಮಾ, ಅಂದರೆ ಮೆದುಳಿನ ನರಕೋಶಗಳಿಗೆ ಆಸರೆಯಾಗಿರುವ ಜೀವಕೋಶಗಳಿಂದ ಹುಟ್ಟುವ ಗಡ್ಡೆಗಳಿಗೆ. ಅವು ಆರೋಗ್ಯವಂತ ಅಂಗಾಂಶದೊಳಗೆ ಬೇರಿನಂತೆ ಇಳಿಯುವುದರಿಂದ ಅಂಚು ಬರಿಗಣ್ಣಿಗೆ ತಿಳಿಯುವುದಿಲ್ಲ. ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಚಿತ್ರದಲ್ಲಿ ಕಾಣುವ ಗಡ್ಡೆಯನ್ನು ಪೂರ್ಣವಾಗಿ ತೆಗೆಯುವುದು ಈ ವಿಧಾನದಿಂದ 24 ಮಂದಿಯಲ್ಲಿ 23 ಮಂದಿಗೂ, ಅದಿಲ್ಲದೆ 25 ಮಂದಿಯಲ್ಲಿ 17 ಮಂದಿಗೂ ಸಾಧ್ಯವಾಯಿತು. ಸಂಖ್ಯೆ ಚಿಕ್ಕದು, ಚಿತ್ರಕ್ಕೆ ಕಾಣದ ಜೀವಕೋಶಗಳು ಉಳಿದೇ ಇರುತ್ತವೆಯಾದ್ದರಿಂದ ‘ಪೂರ್ಣ’ ಎಂಬ ಮಾತನ್ನು ‘ಗುಣವಾಯಿತು’ ಎಂದು ಓದಬಾರದೆಂಬುದನ್ನು ರೋಗಿಯ ಮನೆಯವರಿಗೆ ಸ್ಪಷ್ಟವಾಗಿ ತಿಳಿಸಲೇಬೇಕೆಂಬುದು ನನ್ನ ಅಭಿಪ್ರಾಯ.

ಈ ಯಂತ್ರ ಬಹಳ ದುಬಾರಿ. ಪ್ರತಿ ಸಲ ಚಿತ್ರ ತೆಗೆಯುವಾಗಲೂ ಕೆಲಸ ನಿಲ್ಲಿಸಬೇಕಾಗುತ್ತದೆ. ಆದ್ದರಿಂದ ಅನೇಕ ಕಡೆ ಅಲ್ಟ್ರಾಸೌಂಡ್ ಬಳಸುತ್ತಾರೆ: ಚಿತ್ರ ಅಷ್ಟು ಸ್ಪಷ್ಟವಲ್ಲದಿದ್ದರೂ, ಮೆದುಳಿನ ಮೇಲೆ ಪ್ರೋಬ್ ಇಟ್ಟ ಕ್ಷಣದಲ್ಲೇ ಅದು ಆಗಿನ ಸ್ಥಿತಿಯನ್ನು ತೋರಿಸುತ್ತದೆ.